ಮೂರು ಬಡಿತ

ಪೆರುಮಾಳನ ಎಡಗಣ್ಣು ಹೋದದ್ದು ಐವತ್ತೆಂಟರ ಆಷಾಢದಲ್ಲಿ, ಚಿನ್ನದ ಗಣಿಯ ಆಳದಲ್ಲಿ ಬಂಡೆ ಸಿಡಿದ ದಿನ. ಅದೇ ಬಂಡೆಯ ಹಿಂದೆ ಅವನ ಜೊತೆಗಾರ ಕುಪ್ಪುಸ್ವಾಮಿ ಸಿಕ್ಕಿಕೊಂಡ. ಹೆಣವೂ ಸಿಗಲಿಲ್ಲ, ಸುರಂಗದ ಆ ತುದಿಗೆ ಗೋಡೆ ಎಬ್ಬಿಸಿಬಿಟ್ಟರು.

ಒಂಟಿಗಣ್ಣಿನವನನ್ನು ಮತ್ತೆ ಗಣಿಗೆ ಇಳಿಸುವ ಹಾಗಿಲ್ಲ. ಆದರೆ ಪೆರುಮಾಳನ ಕೈಯಲ್ಲಿ ಇನ್ನೊಂದು ವಿದ್ಯೆ ಇತ್ತು. ಪಾಳಿ ಮುಗಿದ ಮೇಲೆ ದೊರೆಗಳ ಗಾಲ್ಫ್ ಚೀಲ ಹೊತ್ತು, ನೋಡಿ ನೋಡಿಯೇ ಕಲಿತು, ಅವರಿಗಿಂತ ಚೆನ್ನಾಗಿ ಚೆಂಡು ಹೊಡೆಯುತ್ತಿದ್ದ. ಕ್ಲಬ್ಬಿನಲ್ಲಿ ಹೊಸ ಆಫೀಸರುಗಳಿಗೆ ಆಟ ಕಲಿಸುವ ಕೆಲಸ ಖಾಲಿ ಇತ್ತು. ಯುಗಾದಿ ಆದ ಮೇಲಿನ ಭಾನುವಾರ ಮೂರು ಚೆಂಡು ಮೈದಾನದ ಹಳ್ಳ ದಾಟಿಸಿದರೆ ಆ ಕೆಲಸ ಅವನದು. ಇಲ್ಲವಾದರೆ ಗಣಿಯವರು ಕೊಟ್ಟ ಲೈನು ಮನೆ ಬಿಟ್ಟು ಕ್ಯಾಸಂಬಳ್ಳಿ ಕಡೆ ಕೂಲಿಗೆ ಹೋಗುವುದೇ.

ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ಗುಡ್ಡದ ಪಕ್ಕ, ಕ್ಲಬ್ಬಿನ ಬಯಲಲ್ಲಿ ದಿನಾ ಬೆಳಿಗ್ಗೆ ಅಭ್ಯಾಸಕ್ಕೆ ನಿಂತ. ಕೋಲು ಹಿಂದಕ್ಕೆತ್ತಿದರೆ ಮೂಗೇ ಅಡ್ಡ ಬಂದು ಚೆಂಡು ಮಾಯವಾಗುತ್ತಿತ್ತು. ಗಲ್ಲವನ್ನು ಎಡಕ್ಕೆ ತಿರುಗಿಸಿದ, ಎತ್ತುವುದನ್ನು ಅರ್ಧಕ್ಕೆ ತಗ್ಗಿಸಿದ. ಚೆಂಡೇನೋ ಕಂಡಿತು. ಎಷ್ಟು ದೂರವೆಂದು ಮಾತ್ರ ತಿಳಿಯಲಿಲ್ಲ. ಕೋಲು ಒಮ್ಮೆ ಎರಡು ಬೆರಳು ಹಿಂದೆ ಬೀಳುವುದು, ಒಮ್ಮೆ ಎರಡು ಬೆರಳು ಮೇಲೆ ಹಾಯುವುದು.

"ಏನ್ಲಾ ಪೆರುಮಾಳು, ಚೆಂಡು ಒಡೀತಾ ಇದ್ದೀಯೋ, ಕಡ್ಲೇಕಾಯ್ ಕೀಳ್ತಾ ಇದ್ದೀಯೋ?" ಎಂದ ಕ್ಲಬ್ಬಿನ ಮಾಲಿ ಆಂಜಿನಪ್ಪ.

"ನೀನೂ ಒಂದ್ ಕಣ್ಣು ಮುಚ್ಕೊಂಡು ಕಳೆ ಕೀಳ್ಲಾ, ಆಮೇಲೆ ನಗೀವಂತೆ."

ಗಣಿಯಲ್ಲಿ ಬಂಡೆಗೆ ಕೈ ಹಾಕುವ ಮುಂಚೆ ಸಲಾಕೆಯಿಂದ ತಟ್ಟಿ ನೋಡುವುದು ಪದ್ಧತಿ. ಗಟ್ಟಿಯೋ ಪೊಳ್ಳೋ, ಸದ್ದೇ ಹೇಳುತ್ತದೆ. ಆ ರೂಢಿಯಿಂದಲೇ ಒಂದು ಬೆಳಿಗ್ಗೆ ಪೆರುಮಾಳ ಚೆಂಡಿನ ಪಕ್ಕ ಕೋಲಿನ ತಲೆಯಿಂದ ನೆಲ ತಟ್ಟಿದ.

ಕೆಳಗಿನಿಂದ ಯಾರೋ ತಟ್ಟಿದರು. ಮೂರು ಸಲ. ಚೆಂಡಿನ ನೇರ ಕೆಳಗೆ.

 ಗಣಿಯಲ್ಲಿ ಮೂರು ಬಡಿತವೆಂದರೆ, ಸಿಕ್ಕಿಕೊಂಡವನು ಬದುಕಿದ್ದೇನೆ ಎನ್ನುವುದು. ಕೇಳಿದವನು ಮೂರು ಬಡಿದು, ಕೇಳಿಸಿತು ಎನ್ನಬೇಕು. ಅಲ್ಲಿಯವರೆಗೆ ಒಳಗಿನವನು ಬಡಿಯುತ್ತಲೇ ಇರುತ್ತಾನೆ. ಬಂಡೆ ಸಿಡಿದ ದಿನವೂ ಪೆರುಮಾಳನಿಗೆ ಅದು ಕೇಳಿತ್ತು. ಕಣ್ಣಿನಿಂದ ರಕ್ತ ಸುರಿಯುತ್ತಿತ್ತು. ಉತ್ತರ ಕೊಡದೆ ಓಡಿಬಂದಿದ್ದ. ಯಾರಿಗೂ ಹೇಳಿರಲಿಲ್ಲ.

ಹೆದರಿಕೆಯಲ್ಲೇ ಕೋಲು ಬೀಸಿದ. ಸದ್ದು ಬಂದ ಜಾಗಕ್ಕೇ ಅದು ಸರಿಯಾಗಿ ಬಿತ್ತು. ಚೆಂಡು ಹಳ್ಳ ದಾಟಿತು.

ಅಂದಿನಿಂದ ಚೆಂಡನ್ನು ಎಲ್ಲಿಟ್ಟರೂ ಬಡಿತ ಅದರ ಅಡಿಗೇ ಬರುತ್ತಿತ್ತು. ಉತ್ತರ ಕೊಟ್ಟರೆ ನಿಂತುಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಕೊಡಲಿಲ್ಲ. ಭಾನುವಾರವೊಂದು ಕಳೆಯಲಿ ಎಂದುಕೊಂಡ.

ಭಾನುವಾರ ಸೆಕ್ರೆಟರಿ ದೊರೆ ಕುರ್ಚಿ ಹಾಕಿಸಿಕೊಂಡು ಕುಳಿತರು. ಮೊದಲ ಚೆಂಡು ದಾಟಿತು. ಎರಡನೆಯದೂ ದಾಟಿತು. ಮೂರನೆಯದಕ್ಕೆ ನೆಲ ತಟ್ಟಿದಾಗ ಬಂದದ್ದು ಸೋತ ಕೈಯ ಬಡಿತ. ಒಂದು. ಬಹಳ ಹೊತ್ತಿನ ಮೇಲೆ ಇನ್ನೊಂದು. ಮೂರನೆಯದು ಉಗುರಿನಿಂದ ಕೆರೆದ ಹಾಗಿತ್ತು.

ಪೆರುಮಾಳ ಕೋಲನ್ನು ತಿರುಗಿಸಿ ಹಿಡಿದು ನೆಲಕ್ಕೆ ಮೂರು ಸಲ ಗುದ್ದಿದ.

ಕೆಳಗೆ ಸದ್ದಡಗಿತು. ಅವನು ಗಲ್ಲ ತಿರುಗಿಸಿ, ಕೋಲನ್ನು ಅರ್ಧಕ್ಕೆತ್ತಿ ಬೀಸಿದ. ಅದು ಎರಡು ಬೆರಳು ಹಿಂದೆ ಮಣ್ಣು ಕಚ್ಚಿತು. ಚೆಂಡು ಒಂದು ಮಾರು ಉರುಳಿ ನಿಂತಿತು. ದೊರೆ ಎದ್ದು ಹೋದರು. ಆಂಜಿನಪ್ಪ ಈ ಸಲ ನಗಲಿಲ್ಲ.

ಊರು ಬಿಡುವ ಮುಂಚೆ ನಿಜ ಹೇಳಿಬಿಡಬೇಕೆಂದು ಪೆರುಮಾಳ ನೇರ ಕುಪ್ಪುಸ್ವಾಮಿಯ ಹೆಂಡತಿ ಮಾರಿಯಮ್ಮನ ಮನೆಗೆ ಹೋದ. ಗಂಡನ ಹೆಣ ಕಾಣದೆ ಒಂಬತ್ತು ತಿಂಗಳಿಂದ ಬಳೆ ತೆಗೆಯದವಳು, ಈಗ ಒಲೆಯ ಮುಂದೆ ಕುಳಿತು ಒಂದೊಂದೇ ಕಳಚಿ ಮೊರದಲ್ಲಿ ಇಡುತ್ತಿದ್ದಳು.

"ಬಾ ಅಣ್ಣಾ," ಎಂದಳು ತಲೆ ಎತ್ತದೆ. "ದಿನಾ ಈ ಒಲೆ ಕೆಳಗೆ ಬಡೀತಾ ಇದ್ರು. ಇವತ್ತು ಯಾರೋ ಮೂರು ಸಲ ಗುದ್ದಿದ್ರು. ಆಮೇಲೆ ಸದ್ದೇ ಇಲ್ಲ. ನೀನೇನಾ?"

"ಊಂ."

ಕೊನೆಯ ಬಳೆ ಕಳಚಿದಳು.

"ನಾನು ಬೇಕಂತ್ಲೇ ಬಡೀಲಿಲ್ಲ ಅಣ್ಣಾ. ಬಡಿದ್ರೆ ಒಂಟೋಗ್ತಾರಲ್ಲ ಅಂತ. ನೀನು ಯಾಕ್ ಇಷ್ಟ್ ದಿನ ಸುಮ್ಕಿದ್ದೆ?"