ಕರಿ ಉಣ್ಣೆಯ ಹುರಿ

“ನಿಂದರ್ರಿ, ನೀರ ಹಾಕಬ್ಯಾಡ್ರಿ!” ಎಂದು ಮಾಯವ್ವ ಸತ್ತ ತಂದೆಯ ಎಡಗೈಯನ್ನು ಮೇಲೆತ್ತಿ ಹಿಡಿದಳು.

ಅಂಗಳದಲ್ಲಿ ಅಮಸಿದ್ದಪ್ಪನನ್ನು ಹಲಗೆಯ ಮೇಲೆ ಕೂಡ್ರಿಸಿ ಮೈ ತೊಳೆಸುತ್ತಿದ್ದವರು ಕೊಡ ಹಿಡಿದುಕೊಂಡೇ ನಿಂತರು. ಮುದುಕನ ಮಣಿಕಟ್ಟಿನ ಸುತ್ತ ಕಪ್ಪಗೆ ಒಂದು ಕಲೆ, ಕಟ್ಟಿಹಾಕಿದ ಕರುವಿನ ಕಾಲಿಗೆ ಬೀಳುತ್ತದಲ್ಲ, ಅಂಥದು. ನಿನ್ನೆ ಮೊನ್ನೆಯದಲ್ಲ, ಚರ್ಮ ದಪ್ಪಗಟ್ಟಿತ್ತು.

“ಇದು ಹಗ್ಗದ ಗುರುತು. ನನ್ನಪ್ಪನ್ನ ದನಾ ಕಟ್ಟಿದಂಗ ಕಟ್ಟಿಹಾಕ್ಯಾರ. ಯಾರ ಕಟ್ಟ್ಯಾರಂತ ಹೇಳೂತನಕ ಹೆಣಾ ಎತ್ತಗೊಡಾಂಗಿಲ್ಲ. ಜಮಖಂಡಿ ಫೌಜದಾರನ ಬರ್ಲಿ ಬೇಕಾರ!”

ಮಾಯವ್ವ ಬೆಳಗಿನ ಮೊದಲ ಮೋಟಾರು ಹಿಡಿದು ಲೋಕಾಪುರದಿಂದ ಅಳುತ್ತಲೇ ಬಂದವಳು. ಈಗ ಅಳು ನಿಂತಿತ್ತು. ಅವಳ ಕಣ್ಣು ನೇರವಾಗಿ ತಮ್ಮನ ಹೆಂಡತಿ ಸಾತವ್ವನ ಮೇಲೆ ನೆಟ್ಟಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ ಆಗಬಾರದೆಂದು ಸಾತವ್ವ ಸುಮ್ಮನೆ ನಿಂತಳು. ಸುಮ್ಮನೆ ನಿಂತದ್ದೇ ತಪ್ಪಾಯಿತು. ನೆರೆದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ನಾ ಯಾಕ ಕಟ್ಟಲೆಕ್ಕಾ? ಎರಡ ಹೊತ್ತ ಬಿಸಿ ರೊಟ್ಟಿ ಬಡದ ಹಾಕೇನಿ.”

“ರೊಟ್ಟಿ ನಾಯಿಗೂ ಹಾಕತಾರ.”

ಸಾತವ್ವ ಗಂಡನ ಕಡೆ ನೋಡಿದಳು. ಒಂದು ಮಾತು ಆಡಲಿ ಎಂದು ನೋಡಿದಳು. ಧರೆಪ್ಪ ಅಪ್ಪನ ಮಣಿಕಟ್ಟು ನೋಡಿದ, ಹೆಂಡತಿಯನ್ನು ನೋಡಿದ, ಮತ್ತೆ ಮಣಿಕಟ್ಟು ನೋಡಿದ. “ಖರೆ ಹೇಳ, ಸಾತವ್ವಾ. ನಾ ಕುರಿ ಹಿಂದ ಅಡವಿಗಿ ಹ್ವಾದಾಗ...” ಎಂದವನು ಅಲ್ಲಿಗೇ ನಿಲ್ಲಿಸಿದ.

ಹತ್ತು ವರ್ಷದ ಸಂಸಾರ. ಊರಿನಲ್ಲಿ ಮಾವನನ್ನು ಕಟ್ಟಿಹಾಕಿದ ಸೊಸೆ ಅನ್ನಿಸಿಕೊಂಡರೆ ಇನ್ನು ಅವಳು ಬಾವಿಗೆ ನೀರಿಗೆ ಹೋಗುವುದು ಹೇಗೆ? ಶೇವಂತಿಯನ್ನು ನಾಳೆ ಯಾರು ಹೆಣ್ಣು ಕೇಳಲು ಬಂದಾರು?

ಶೇವಂತಿ, ಅವಳ ಆರು ವರ್ಷದ ಮಗಳು, ಬೀಸುವ ಕಲ್ಲಿನ ಹಿಂದೆ ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ನಿನ್ನೆ ಇಳಿಹೊತ್ತಿನಲ್ಲಿ ಹೊಳೆಯ ದಂಡೆಯಿಂದ ಒಬ್ಬಳೇ ಓಡಿಬಂದು, “ಮುತ್ಯಾ ಮಲಗ್ಯಾನ, ಏಳವಲ್ಲ” ಎಂದದ್ದೇ ಕೊನೆ. ಆಮೇಲೆ ಬಾಯಿ ಬಿಟ್ಟಿರಲಿಲ್ಲ.

“ಕೇಳೂದಿದ್ರ ಆ ಅಂಬಿಗರ ಹೊಳೆವ್ವನ್ನ ಕೇಳ್ರಿ,” ಸಾತವ್ವ ಎರಡು ವರ್ಷ ನುಂಗಿಕೊಂಡಿದ್ದನ್ನು ಕೊನೆಗೂ ಉಗುಳಿದಳು. “ಮಾವ ಮೀನ ಹಿಡ್ಯಾಕ ಹೊಕ್ಕಿದ್ದಿಲ್ಲ. ಆಕಿ ಗುಡಿಸಲಕ್ಕ ಕುಡ್ಯಾಕ ಹೊಕ್ಕಿದ್ದ.”

*

ಸಂಶಯ ಅವಳಿಗೆ ಸುಮ್ಮನೆ ಬಂದದ್ದಲ್ಲ. ಮೀನಿನ ಬಾಯಿಂದ ಬಂದದ್ದು.

ಕುರಿ ಹಿಂದೆ ತಿರುಗಿ ತಿರುಗಿ ಮೊಣಕಾಲು ಸವೆದ ಮೇಲೆ ಅಮಸಿದ್ದಪ್ಪ ಹಿಂಡನ್ನು ಮಗನಿಗೆ ಬಿಟ್ಟುಕೊಟ್ಟು ಗಾಳ ಹಿಡಿದಿದ್ದ. ವಾರಕ್ಕೆರಡು ಸಲ ಮೊಮ್ಮಗಳನ್ನು ಕರೆದುಕೊಂಡು ಕೃಷ್ಣೆಯ ದಂಡೆಗೆ ಹೋಗುವನು. ಜೋಳದ ದಂಟಿನ ಬೆಂಡು ನೀರಿನ ಮೇಲೆ ತೇಲಲು ಬಿಟ್ಟು, ಅದು ಮುಳುಗಿದರೆ ಹೇಳೆಂದು ಹುಡುಗಿಯನ್ನು ಕಾವಲು ಕೂಡ್ರಿಸುವನು. ಸಂಜೆಗೆ ಅಂಗೈ ಅಗಲದ ನಾಲ್ಕು ಮೀನು ಬರುತ್ತಿದ್ದವು. ಮೊದಮೊದಲು ಸಾತವ್ವನಿಗೆ ಸಂತೋಷವೇ. ಕೂಸು ಕೈಗೆ ಕಾಲಿಗೆ ಸಿಗುವುದು ತಪ್ಪಿತು, ಸಾರಿಗೂ ದಾರಿಯಾಯಿತು.

ಒಂದು ದಿನ ಮೀನು ಹಸನು ಮಾಡುವಾಗ ಅವಳ ಕೈ ನಿಂತಿತು. ಗಾಳಕ್ಕೆ ಬಿದ್ದ ಮೀನಿನ ತುಟಿಯಲ್ಲಿ ಮುಳ್ಳು ಚುಚ್ಚಿದ ತೂತು ಇರಬೇಕು. ಇದರಲ್ಲಿ ಇರಲಿಲ್ಲ. ನಾಲ್ಕನ್ನೂ ಬಾಯಿ ಅಗಲಿಸಿ ನೋಡಿದಳು, ಒಂದರಲ್ಲೂ ಇಲ್ಲ. ಕಿವಿರಿನ ಬಳಿ ಬಲೆಯ ದಾರ ಒತ್ತಿದ ಗೆರೆ ಮಾತ್ರ ಇತ್ತು. ಬಲೆ ಇರುವುದು ಅಂಬಿಗರ ಮನೆಯಲ್ಲಿ. ದಂಡೆಯ ಮೇಲಿನ ಗುಡಿಸಲಿನಲ್ಲಿ ಹೊಳೆವ್ವ ಎಂಬ ವಿಧವೆ ಒಬ್ಬಳೇ ಇದ್ದಳು. ಸಂಸ್ಥಾನ ಹೋಗಿ ಮುಂಬೈ ಸರಕಾರ ದಾರೂಬಂದಿ ತಂದ ಮೇಲೆ ಹೊಳೆದಂಡೆಯ ಗುಡಿಸಲುಗಳಲ್ಲಿ ಮಡಕೆ ಹೂತಿಟ್ಟು ಭಟ್ಟಿ ಇಳಿಸುತ್ತಾರೆಂಬ ಮಾತು ಊರಲ್ಲೆಲ್ಲ ಇತ್ತು.

ಆಮೇಲೆ ಸಾತವ್ವ ಮಾವನನ್ನು ಕಾಯತೊಡಗಿದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಮುದುಕ ಊಟಕ್ಕೆ ಕೂತಾಗ ತಂಬಿಗೆಗೆ ಕೈ ಹಾಕಿದರೆ ಅದು ಉರುಳುತ್ತಿತ್ತು. ಹೊಸ್ತಿಲು ತಡವಿ ದಾಟುತ್ತಿದ್ದ. ಬಾಯಿಯ ವಾಸನೆ ಹಿಡಿಯಲೆಂದು ರೊಟ್ಟಿ ನೀಡುವ ನೆಪದಲ್ಲಿ ಅವಳು ಬಗ್ಗಿ ನೋಡಿದ್ದುಂಟು. ತಂಬಾಕಿನ ವಾಸನೆಯೇ ಹೊರತು ಬೇರೇನೂ ಸಿಕ್ಕಿರಲಿಲ್ಲ. ಕುಡಿದ ಮೇಲೆ ತಂಬಾಕು ಹಾಕಿಕೊಳ್ಳುವ ಜಾಣ ಎಂದುಕೊಂಡಳು.

ಒಂದು ಮುಸ್ಸಂಜೆಯ ಮಬ್ಬಿನಲ್ಲಿ, ದೂರದ ಮರೆಯಲ್ಲಿ ನಿಂತು ಇಬ್ಬರೂ ಬರುವುದನ್ನು ನೋಡಿದಳು. ಗರಡಿಮನೆಯ ತಿರುವಿನಲ್ಲಿ ದಾರಿಯ ನಡುವೆ ಹುಗಿದ ಕಲ್ಲೊಂದಿದೆ. ಮುದುಕ ಅದು ಇನ್ನೂ ಮಾರು ದೂರ ಇರುವಾಗಲೇ ಕಾಲನ್ನು ಮೊಣಕಾಲೆತ್ತರಕ್ಕೆ ಎತ್ತಿ ಇಟ್ಟ, ಮತ್ತೆ ಎತ್ತಿ ಇಟ್ಟ. ಮುಂದೆ ನಡೆಯುತ್ತಿದ್ದ ಶೇವಂತಿ ಹಿಂದಕ್ಕೆ ತಿರುಗಿ ಏನೋ ಹೇಳುತ್ತಿದ್ದಳು. ಕುಡಿದವನ ನಡಿಗೆ ಇದಲ್ಲದೆ ಇನ್ನೇನು? ಮಗಳನ್ನು ಕೇಳಿದರೆ, “ಮೀನ ಹಿಡದ್ವಿ” ಎನ್ನುವಳು, ಅಷ್ಟೇ.

*

ಹೊಳೆವ್ವನನ್ನು ಕರೆಯಲು ಯಾರೂ ಹೋಗಬೇಕಾಗಲಿಲ್ಲ. ಅವಳು ಅಂಗಳದ ಬೇಲಿಯ ಆಚೆ, ಹೆಗಲ ಮೇಲೆ ಒದ್ದೆ ಸೆರಗು ಹೊದ್ದು, ಕೈಯಲ್ಲಿ ಮುದುಕನ ಗಾಳದ ಕೋಲು ಹಿಡಿದು ನಿಂತಿದ್ದಳು. ಸಾತವ್ವನ ಮಾತು ಕೇಳಿ ಒಳಗೆ ಬಂದಳು.

“ನಿಮ್ಮ ಮಾವ ನನ್ನ ಗುಡಿಸಲದಾಗ ನೀರ ಬಿಟ್ರ ಬ್ಯಾರೆ ಕುಡದಿಲ್ಲವ್ವಾ,” ಎಂದಳು. “ಪುಂಡಿನಾರಿನ ಹುರಿ ಕೈಲೆ ಹೊಸೆದ ಕೊಡತಿದ್ರು, ನನ್ನ ಬಲಿಗಿ. ನಾ ನಾಕ ಮೀನ ಕೊಡತಿದ್ನಿ. ಕುಡ್ಯಾಕಲ್ಲ.”

“ಗಾಳ ಇತ್ತಲ್ಲ, ನಿನ್ನ ಮೀನ ಯಾಕ ಬೇಕಾಗಿತ್ತ?” ಎಂದಳು ಸಾತವ್ವ.

ಹೊಳೆವ್ವ ಕೋಲಿನ ದಾರವನ್ನು ಎತ್ತಿ ತೋರಿಸಿದಳು. ತುದಿಗೆ ಬೆಂಡಿತ್ತು, ಅದರ ಕೆಳಗೆ ಬರೀ ದಾರ. ಮುಳ್ಳೇ ಇರಲಿಲ್ಲ.

“ಒಮ್ಮೆ ಕೂಸಿನ ಬೆರಳಿಗಿ ಚುಚ್ಚಿತು. ಅವತ್ತ ಕಿತ್ತ ಒಗದ್ರು. ಆಮ್ಯಾಲೆ ಬರೇ ದಾರ ಬಿಟ್ಕೊಂಡ ಕುಂದರತಿದ್ರು, ಎರಡ ವರ್ಷ.”

“ಮುಳ್ಳಿಲ್ಲದ ಗಾಳ ಹಿಡಕೊಂಡ ಯಾಕ ಕುಂದರತಿದ್ದ? ಕೈಗಿ ಹಗ್ಗ ಯಾರ ಕಟ್ಟಿದ್ರು?” ಮಾಯವ್ವ ಬಿಡಲಿಲ್ಲ.

ಹೊಳೆವ್ವ ಬೀಸುವ ಕಲ್ಲಿನ ಕಡೆ ಒಮ್ಮೆ ನೋಡಿದಳು. “ಅದನ್ನ ಹೇಳಾಕಿ ನಾ ಅಲ್ರಿ. ಹೇಳಾಕಿ ಅಲ್ಲಿ ಕುಂತಾಳ.”

ಎಲ್ಲರೂ ಶೇವಂತಿಯತ್ತ ತಿರುಗಿದರು. ಸಾತವ್ವ ಮಗಳ ರಟ್ಟೆ ಹಿಡಿದು ಎಳೆದಳು. “ಹೇಳಲೇ! ನಿಮ್ಮವ್ವನ ಮರ್ಯಾದಿ ಹೊಂಟೈತಿ, ಹೇಳ!”

ಹುಡುಗಿ ಬಿಕ್ಕಿದಳು. “ಮುತ್ಯಾ ಬಂಡಾರ ಮುಟ್ಟಿಸಿ ಆಣಿ ಮಾಡಿಸ್ಯಾನ. ಹೇಳಿದ್ರ ಬೀರಪ್ಪ ಸಿಟ್ಟಾಗತಾನ.”

ಭಂಡಾರದ ಆಣೆ ಸಣ್ಣ ಮಾತಲ್ಲ. ಬೀರಪ್ಪನ ಅರಿಸಿನ ಮುಟ್ಟಿ ಕೊಟ್ಟ ಮಾತನ್ನು ಹಾಲುಮತದ ಕುರುಬರು ತಲೆ ಹೋದರೂ ಮುರಿಯುವುದಿಲ್ಲ. ಮುರಿಸುವ ಧೈರ್ಯ ಮಾಯವ್ವನಿಗೂ ಬರಲಿಲ್ಲ. ಕೊನೆಗೆ ಗುಡಿಯ ಪೂಜಾರಿ ಗಿರಮಲ್ಲಪ್ಪ ಎದ್ದ. ಹೆಣದ ಹಣೆಗೆ ಭಂಡಾರ ಹಚ್ಚಿ, ಅದನ್ನೇ ಒಂದು ಚಿಟಿಕೆ ತೆಗೆದು ಹುಡುಗಿಯ ಹಣೆಗೆ ಇಟ್ಟ.

“ಆಣಿ ಹಾಕಿದಾವ ವಾಪಸ್ ತಗೊಂಡ, ನೋಡ. ನಿಮ್ಮ ಮುತ್ಯಾನ ಹಣಿಮ್ಯಾಗಿಂದ ನಿನ್ನ ಹಣಿಗಿ ಬಂತು. ಈಗ ಹೇಳವ್ವಾ, ಬೀರಪ್ಪ ಏನೂ ಅನ್ನಾಂಗಿಲ್ಲ.”

ಶೇವಂತಿ ಹಣೆ ಮುಟ್ಟಿ, ಬೆರಳಿಗೆ ಹತ್ತಿದ ಹಳದಿಯನ್ನು ನೋಡಿದಳು. ಆಮೇಲೆ ಬೀಸುವ ಕಲ್ಲಿನ ಸಂದಿಗೆ ಕೈ ಹಾಕಿ ಒಂದು ಸುರುಳಿ ತೆಗೆದಳು. ಕರಿ ಉಣ್ಣೆಯ ಹುರಿ, ಎರಡು ಮಾರು ಉದ್ದ. ಒಂದು ತುದಿಗೆ ಸಣ್ಣ ಕುಣಿಕೆ, ಇನ್ನೊಂದಕ್ಕೆ ದೊಡ್ಡದು.

“ಇದು ಮುತ್ಯಾನ ಕೈಗಿ. ಇದು ನನ್ನ ನಡಕ್ಕ,” ಎಂದಳು. “ಮುತ್ಯಾಗ ಕಣ್ಣ ಕಾಣಾಂಗಿಲ್ಲ. ನಾನ ಕರಕೊಂಡ ಹೋಗಿ ಕರಕೊಂಡ ಬರತಿದ್ನಿ.”

ಮಾಯವ್ವ ತಂದೆಯ ಕೈಯನ್ನು ಮೆಲ್ಲಗೆ ಕೆಳಗಿಟ್ಟಳು. ಗಿರಮಲ್ಲಪ್ಪ ಮುದುಕನ ರೆಪ್ಪೆ ಎತ್ತಿ ನೋಡಿದ. ಎರಡೂ ಕಣ್ಣಿನ ಬೊಂಬೆ ಅಂಬಲಿಯ ಹಾಗೆ ಬೆಳ್ಳಗಿತ್ತು.

“ಕೂಸ ನೀರಿಗಿ ಇಳದ್ರ ನನಗ ಗೊತ್ತಾಗಬೇಕಲ್ಲಾ ಹೊಳೆವ್ವಾ, ಅದಕ್ಕ ಬಿಗೀತ ಕಟಗೊಂಡೇನಿ ಅಂತಿದ್ರು,” ಎಂದಳು ಹೊಳೆವ್ವ. “ನಿನ್ನೆನೂ ಹಂಗ ಕುಂತಿದ್ರು. ಉಸರ ಹ್ವಾದಮ್ಯಾಲ ಹುಡುಗಿನ ಎರಡೂ ಕುಣಿಕಿ ಬಿಚಗೊಂಡ್ಳು.”

“ಮನ್ಯಾಗ ಯಾಕ ಹೇಳ್ಲಿಲ್ಲ?” ಧರೆಪ್ಪ ಕೇಳಿದ.

ಅದಕ್ಕೆ ಉತ್ತರ ಹೇಳಬಲ್ಲವಳು ಸಾತವ್ವ ಒಬ್ಬಳೇ.

*

ಎರಡು ವರ್ಷದ ಹಿಂದೆ ಓಣಿಯ ಕುರುಡ ಮುದಕಪ್ಪನ ಕೈಯಿಂದ ಮೊಮ್ಮಗ ಜಾರಿ ಬಿದ್ದು ತಲೆ ಒಡೆದುಕೊಂಡಿದ್ದ. ಸಾತವ್ವ ರೊಟ್ಟಿ ಬಡಿಯುತ್ತ, ಉಣ್ಣುತ್ತಿದ್ದ ಮಾವನಿಗೆ ಕೇಳುವಂತೆಯೇ ಆ ಸುದ್ದಿ ಹೇಳಿದ್ದಳು.

“ಕಣ್ಣ ಕಾಣದವರ ಕೈಯಾಗ ಕೂಸ ಕೊಡೂದೂ ಒಂದ, ಹೊಳಿಗಿ ಒಗ್ಯೂದೂ ಒಂದ. ನಾ ಆಗಿದ್ರ ಹತ್ರ ಹಾಯಗೊಡತಿದ್ದಿಲ್ಲ.”

ಅಮಸಿದ್ದಪ್ಪ ತುತ್ತನ್ನು ಬಾಯಿಯ ಹತ್ತಿರ ಹಿಡಿದು ಹಾಗೇ ಕೂತಿದ್ದ. ಆಮೇಲೆ, “ಖರೆ ಐತಿ ಬಿಡವಾ” ಎಂದು ನೀರಿಗೆ ಕೈ ಚಾಚಿದ. ತಂಬಿಗೆ ಉರುಳಿತು. ಅದೇ ಮೊದಲ ಸಲ ಉರುಳಿದ್ದು. ಮೀನಿನ ಬಾಯಿ ಬಿಡಿಸಿ ಬಿಡಿಸಿ ನೋಡಿದ ಸಾತವ್ವ ಮಾವನ ಕಣ್ಣನ್ನು ಒಂದು ಸಲವೂ ನೋಡಿರಲಿಲ್ಲ.

*

ಕರಿಕಂಬಳಿ ಹೊದಿಸಿದ ಚಟ್ಟ ಹೆಗಲಿಗೇರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಮಾಯವ್ವ ಸಾತವ್ವನ ಹತ್ತಿರ ಬಂದು ನಿಂತಳು; ತಪ್ಪಾಯಿತು ಎನ್ನಲು ಅವಳಿಗೆ ಬರಲಿಲ್ಲ, ಸಾತವ್ವನೂ ಕೇಳಲಿಲ್ಲ. ಗಾಳದ ಕೋಲನ್ನು ಹೆಣದ ಪಕ್ಕಕ್ಕಿಟ್ಟರು. ಹುರಿಯನ್ನೂ ಇಡಲು ಸಾತವ್ವ ಕೈ ಚಾಚಿದಾಗ ಶೇವಂತಿ ಕೊಡಲಿಲ್ಲ.

“ಮುತ್ಯಾಗ ದಾರಿ ಗೊತ್ತಾಗಾಂಗಿಲ್ಲ ಯವ್ವಾ.”

“ಹೆಣ್ಣಕೂಸ ಹೆಣದ ಮುಂದ ನಡ್ಯೂದ ಎಲ್ಲ್ಯರ ಐತೇನು?” ಎಂದಿತು ಗುಂಪಿನಿಂದ ಒಂದು ದನಿ. ಸಾತವ್ವ ಸಣ್ಣ ಕುಣಿಕೆಯನ್ನು ಮಾವನ ಮಣಿಕಟ್ಟಿನ ಆ ಕಪ್ಪು ಕಲೆಯ ಮೇಲೆ ತಾನೇ ಕೂಡ್ರಿಸಿದಳು. ದೊಡ್ಡದನ್ನು ಮಗಳ ನಡುವಿಗೆ ಹಾಕಿದಳು.

ಹಲಗೆಯವರು ಬಡಿಯುತ್ತ ಹೊರಟರು. ಆರು ವರ್ಷದ ಹೆಜ್ಜೆಗೆ ಹೊತ್ತ ನಾಲ್ವರೂ ತಮ್ಮ ಹೆಜ್ಜೆ ಸಣ್ಣದು ಮಾಡಿಕೊಂಡರು. ಗರಡಿಮನೆಯ ತಿರುವು ಬಂದಾಗ ಶೇವಂತಿ ಹಿಂದಕ್ಕೆ ತಿರುಗಿದಳು.

“ಮುತ್ಯಾ, ಇಲ್ಲಿ ಕಲ್ಲೈತಿ. ಕಾಲೆತ್ತ.”

ಹುಟ್ಟಿದಾಗಿನಿಂದ ಆ ದಾರಿ ತುಳಿದ ನಾಲ್ವರು ಗಂಡಸರು, ಕಲ್ಲು ಇನ್ನೂ ಮಾರು ದೂರ ಇರುವಾಗಲೇ, ಮೊಣಕಾಲೆತ್ತರಕ್ಕೆ ಕಾಲೆತ್ತಿ ಇಟ್ಟರು.