ಕಂಡಕ್ಟರ್ ಕಾಣದ ಬೀದರ್

ಕುನಾಲನನ್ನು ಮಣ್ಣು ಮಾಡಿ ಬಂದ ಎಂಟನೆಯ ದಿನ ಬೆಳಿಗ್ಗೆ ಮನೆಯಲ್ಲಿ ನೆಂಟರು ಯಾರೂ ಉಳಿದಿರಲಿಲ್ಲ. ಕೋಟನೂರಿನ ಆ ಎರಡು ಕೋಣೆಯ ಮನೆಗೆ ಹಾಲಿನ ಪಾಕೀಟು ಬಂತು. ನಳಕ್ಕೆ ನೀರು ಬಂತು. ಹಿಂದಿನ ಖಾಲಿ ಸೈಟಿನ ಮೇಲೆ ಬಿಸಿಲು ಬಂತು. ಎಲ್ಲವೂ ತಮ್ಮ ತಮ್ಮ ವೇಳೆಗೆ ಸರಿಯಾಗಿ ಬಂದದ್ದನ್ನು ಕಂಡು ಗೌತಮಿಗೆ ಸೋಜಿಗವಾಯಿತು. ಅಳು ಮಾತ್ರ ಬರಲಿಲ್ಲ. ಒಂಬತ್ತು ದಿನದ ಜ್ವರದಲ್ಲಿ ಗಂಡ ಹೋದಂದಿನಿಂದಲೂ ಅದು ಬಂದಿರಲಿಲ್ಲ.

ಮಾವ ಯಂಕಪ್ಪನಿಗೆ ಬರದೆ ಹೋದದ್ದು ಮಾತು. ಮಗನ ಮೇಲೆ ಮೂರು ಹಿಡಿ ಮಣ್ಣು ಹಾಕಿ ಕೈ ತೊಳೆದುಕೊಂಡವನು ಆಮೇಲೆ ಯಾರೊಡನೆಯೂ ತುಟಿ ಬಿಚ್ಚಿರಲಿಲ್ಲ. ಮೂವತ್ತೊಂದು ವರ್ಷ ಸರಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು ಅವನು. ನಿವೃತ್ತಿಯಾದ ಮೇಲೂ ಮನೆಯಲ್ಲಿ ಅವನ ದನಿ ಹಿಂದಿನ ಬಾಗಿಲಿನಿಂದ ಡ್ರೈವರನವರೆಗೆ ಕೇಳುವಷ್ಟಿತ್ತು. ಈಗ ತಟ್ಟೆ ಮುಂದಿಟ್ಟರೆ ಎರಡು ತುತ್ತು, ಮತ್ತೆ ಗೋಡೆಯ ಕಡೆಗೆ ಮುಖ. ಡಾಕ್ಟರು ಬಂದು ನೋಡಿ, ಹೇಗಾದರೂ ಮಾತಾಡಿಸಿ ಎಂದಷ್ಟೇ ಹೇಳಿ ಹೋಗಿದ್ದರು.

ಅತ್ತೆ ಸಾವಿತ್ರಿಬಾಯಿ ಅಡುಗೆಮನೆಯಲ್ಲಿ ಸೊಸೆಯ ಕೈ ಹಿಡಿದುಕೊಂಡಳು.

"ಒಬ್ಬನ್ನ ಕಳಕೊಂಡೀವಿ ಯವ್ವಾ. ಇವರನ್ನೂ ಕಳಕೊಳ್ಳೂದು ನನ್ನ ಕೈಲೆ ಆಗಂಗಿಲ್ಲ."

ಗೌತಮಿ ತಲೆಯಾಡಿಸಿದಳು. ಅವಳಿಗೆ ಹೊಳೆದದ್ದು ಒಂದೇ ವಿಷಯ, ಬೀದರೋ ವಿಜಯಪುರವೋ ಎಂಬ ಹಳೆಯ ವಾದ.

ಮದುವೆಯಾಗಿ ಎರಡು ವರ್ಷವಾದರೂ ಗಂಡ ಹೆಂಡತಿ ಎಲ್ಲಿಗೂ ಹೋಗಿರಲಿಲ್ಲ. ಎರಡು ದಿನ ರಜೆ ಹಾಕಿ ಒಂದು ಊರು ನೋಡಿ ಬರುವುದೆಂದು ತಿಂಗಳಿಡೀ ಚರ್ಚೆ ನಡೆದಿತ್ತು. ಕುನಾಲನಿಗೆ ವಿಜಯಪುರವೇ ಆಗಬೇಕು. ಗೋಲಗುಮ್ಮಟದ ಆ ತುದಿಯಲ್ಲಿ ತಾನು ಪಿಸುಗುಟ್ಟಬೇಕು, ಈ ತುದಿಯಲ್ಲಿ ಅವಳು ಕೇಳಿಸಿಕೊಳ್ಳಬೇಕು. ಕಾಲೇಜಿನಲ್ಲಿ ಇತಿಹಾಸ ಹೇಳುವ ಗೌತಮಿಗೆ ಬೀದರ್. ಅಲ್ಲಿಯ ಹಳೆಯ ಮದರಸಾದ ಬಗ್ಗೆ ನಾಲ್ಕು ವರ್ಷದಿಂದ ಪಾಠ ಮಾಡುತ್ತಿದ್ದಳು, ಕಣ್ಣಾರೆ ಕಂಡಿರಲಿಲ್ಲ. ತೀರ್ಪು ಕೊಡುವ ಕೆಲಸ ಯಂಕಪ್ಪನದು. ಎರಡೂ ಊರಿಗೆ ಸಾವಿರ ಸಲ ಹೋಗಿ ಬಂದವನಲ್ಲವೇ? ವಿಜಯಪುರದ ಕ್ಯಾಂಟೀನಿನಲ್ಲಿ ಚಹಾ ಚಲೋ, ಬೀದರಿನಲ್ಲಿ ಫ್ಯಾನು ತಿರುಗುತ್ತವೆ, ಕುರ್ಚಿ ಮುರಿದಿಲ್ಲ ಎಂದು ಗಂಭೀರವಾಗಿ ತೂಗಿ ನೋಡುತ್ತಿದ್ದ. ಬಸ್ ಸ್ಟ್ಯಾಂಡಿನ ಗೇಟು ದಾಟಿ ಅವನು ಎರಡೂ ಊರುಗಳಲ್ಲಿ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. "ಅಪ್ಪಾ, ನಾವು ಬಸ್ ಸ್ಟ್ಯಾಂಡ್ ನೋಡಾಕ ಹೊಂಟಿಲ್ಲ" ಎಂದು ಕುನಾಲ ನಗುತ್ತಿದ್ದ.

ಆ ಬೆಳಿಗ್ಗೆ ಚಹಾ ಕೊಡುತ್ತ ಗೌತಮಿ ಮಾವನ ಎದುರು ಕೂತು ವಿಜಯಪುರದ ಪರವಾಗಿ ಮಾತಾಡಿದಳು. ಕುನಾಲನ ಮಾತುಗಳನ್ನೇ ಒಂದೊಂದಾಗಿ ಹೇಳಿದಳು. ಗೋಡೆಯ ಕಡೆಗಿದ್ದ ಮುಖ ಅಲುಗಲಿಲ್ಲ. ಮರುದಿನವೂ ಹೇಳಿದಳು. ಮೂರನೆಯ ದಿನ ಅವಳಿಗೇ ತನ್ನ ದನಿ ರೇಡಿಯೋದಂತೆ ಕೇಳತೊಡಗಿತು.

ನಾಲ್ಕನೆಯ ದಿನ ಸಾವಿತ್ರಿಬಾಯಿ ಟ್ರಂಕಿನಿಂದ ಚೀಲವೊಂದನ್ನು ಎತ್ತಿ ತಂದಳು. ಒಳಗೆ ಒಂದು ದುರ್ಬೀನು. ಕಮಲಾಪುರದ ಅಕ್ರಮ್‌ನದು, ಕುನಾಲನ ಜೊತೆ ಓದಿದವನು, ಅಲ್ಲೇ ಕೆಂಪು ಬಾಳೆಯ ತೋಟ ಮಾಡಿಕೊಂಡಿದ್ದ. ತೋಟಕ್ಕೆ ನುಗ್ಗುವ ಮಂಗಗಳನ್ನು ದೂರದಿಂದಲೇ ಕಾಣಲು ಇಟ್ಟುಕೊಂಡಿದ್ದ ಅದನ್ನು, ಊರು ನೋಡಲೆಂದು ಕುನಾಲ ಕೇಳಿ ತಂದಿದ್ದ. ಅಕ್ರಮ್ ಮಣ್ಣಿಗೆ ಬಂದು ಹೋದರೂ ಅದರ ಮಾತೆತ್ತಿರಲಿಲ್ಲ. ಬಾಳೆ ಗೊನೆ ಬಿಟ್ಟಿರುವ ಕಾಲ, ಅವನಿಗೆ ಬೇಕಾಗಿರುತ್ತದೆ, ಬೀದರಿಗೆ ಹೋಗುವ ಯಾವುದಾದರೂ ಬಸ್ಸಿನಲ್ಲಿ ಹೋಗಿ ಕೊಟ್ಟು ಬಾ ಎಂದು ಅತ್ತೆ ಹೇಳಿದಳು.

"ಬೀದರ್ ಎಕ್ಸ್‌ಪ್ರೆಸ್ ಕಮಲಾಪುರದಾಗ ನಿಲ್ಲಂಗಿಲ್ಲ ಅತ್ತಿ," ಎಂದಳು ಗೌತಮಿ. ಅವಳು ಹಾಗೆಂದೇ ತಿಳಿದಿದ್ದಳು.

"ನಿಲ್ತದ."

ಇಬ್ಬರೂ ತಿರುಗಿ ನೋಡಿದರು. ಯಂಕಪ್ಪ ಇನ್ನೂ ಗೋಡೆಯ ಕಡೆಗೇ ಮುಖ ಮಾಡಿದ್ದ.

"ಯಾರು ಹೇಳಿದ್ರು ನಿಲ್ಲಂಗಿಲ್ಲ ಅಂತ? ಮಹಾಗಾಂವ ಕ್ರಾಸ್ ನಿಲ್ತದ. ಕಮಲಾಪುರ ನಿಲ್ತದ. ಕಿಣ್ಣಿ ಸಡಕ್ ಕೈ ಮಾಡಿದ್ರ ನಿಲ್ತದ. ಹುಮನಾಬಾದದಾಗ ಹತ್ತು ಮಿನಿಟ್ ಹಾಲ್ಟ್."

ಸಾವಿತ್ರಿಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತಪ್ಪು ಮಾತೊಂದು ಅವನನ್ನು ಎಬ್ಬಿಸಿತ್ತು. ಮತ್ತೆ ಮಲಗಲು ಬಿಡಬಾರದೆಂದು ಗೌತಮಿ ಅಲ್ಲೇ ನಿರ್ಧರಿಸಿದಳು.

"ಹಂಗಾದ್ರ ನೀವೂ ಬರ್ರಿ ಮಾವಾರ. ಬೀದರಿಗೇ ಹೋಗೂಣು."

ತಿಂಗಳ ವಾದದಲ್ಲಿ ಅವಳು ಗೆದ್ದಿದ್ದಳು. ಎದುರಾಳಿ ಇಲ್ಲದ ಗೆಲುವು ಬಾಯಲ್ಲಿ ಬೂದಿಯಂತಿತ್ತು.

ಮುಂದಿನ ಶನಿವಾರ ಇಬ್ಬರೂ ಹೊರಟಾಗ ಎದುರು ಮನೆಯ ಭಾಗಮ್ಮ, ಮಣ್ಣು ಇನ್ನೂ ಹಸಿ ಅದ, ಇವರು ಊರು ನೋಡಾಕ ಹೊಂಟಾರ ಎಂದಳು. ಸಾವಿತ್ರಿಬಾಯಿ ಕಟ್ಟೆಯ ಮೇಲೆ ನಿಂತೇ ಉತ್ತರ ಕೊಟ್ಟಳು: "ನಾನ ಕಳಿಸೀನಿ. ನಿನಗೂ ಬುತ್ತಿ ಕಟ್ಟಲೇನು?"

ಬಸ್ಸು ಕಮಲಾಪುರದಲ್ಲಿ ನಿಂತಿತು. ಗೌತಮಿ ಇಳಿಯಲು ಎದ್ದರೆ ಮಾವ ಚೀಲದ ಮೇಲೆ ಕೈ ಇಟ್ಟ. "ಬರೂ ಮುಂದ ಕೊಡೂಣು. ಅವ ನೋಡಾಕ ತಂದಿದ್ದ." ಅಷ್ಟೇ ಹೇಳಿ, ಬೀದರ್ ಬರುವವರೆಗೂ ಮತ್ತೆ ಸುಮ್ಮನಾದ.

ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಅವನು ಅಭ್ಯಾಸಬಲದಿಂದ ಕ್ಯಾಂಟೀನಿನ ಕಡೆ ನಡೆದ. ಅವಳು ತೋಳು ಹಿಡಿದು ಆಟೋ ಹತ್ತಿಸಿದಳು. ಗೇಟು ದಾಟುವಾಗ ಅವನು ಪರದೇಶಕ್ಕೆ ಕಾಲಿಟ್ಟವನಂತೆ ಕಂಬಿ ಬಿಗಿಯಾಗಿ ಹಿಡಿದ. ಹಳೆಯ ಊರಿನ ಇಕ್ಕಟ್ಟಾದ ಗಲ್ಲಿಗಳು, ಸೈಕಲ್ ಅಂಗಡಿ, ಹಪ್ಪಳ ಒಣಹಾಕಿದ ಮಾಳಿಗೆ. ಒಂದು ತಿರುವಿನಲ್ಲಿ, ಮದರಸಾದ ಎದುರು, ಆಟೋ ನಿಂತಿತು.

ಗೌತಮಿ ಪಾಠದಲ್ಲಿ ಹೇಳುತ್ತಿದ್ದದ್ದು ಒಂದೂವರೆ ಸಾಲು: ಮೂರು ಅಂತಸ್ತಿನ ಕಟ್ಟಡ, ನೀಲಿ ಹೆಂಚಿನ ಅಲಂಕಾರ. ಈಗ ಎದುರಿಗೆ ನಿಂತದ್ದು ಆ ಒಂದೂವರೆ ಸಾಲಿನೊಳಗೆ ಎಲ್ಲಿ ಹಿಡಿಸಿತ್ತೋ ಅವಳಿಗೆ ತಿಳಿಯಲಿಲ್ಲ. ಎಡಗಡೆಯ ಅರ್ಧ ಮುಖ ಇರಲೇ ಇಲ್ಲ. ಮುನ್ನೂರು ವರ್ಷಗಳ ಹಿಂದೆ ಮದ್ದು ಸಿಡಿದು ಹೋಯಿತೆಂದು ಕಾವಲುಗಾರ ಹೇಳಿದ. ಸಿಡಿಲು ಬಡಿಯಿತೆನ್ನುವವರೂ ಇದ್ದಾರಂತೆ. ಬಲಗಡೆ ಒಂಟಿ ಮಿನಾರು ಬೆಳಗಿನ ಬಿಸಿಲಿಗೆ ಎದೆಯೊಡ್ಡಿ ನಿಂತಿತ್ತು. ಅದರ ಮೈತುಂಬ ನೀಲಿ, ಹಸಿರು, ಬಿಳಿ ಪಟ್ಟೆಗಳು ಅಲೆಅಲೆಯಾಗಿ ಮೇಲೇರಿದ್ದವು. ಎಷ್ಟೋ ಕಡೆ ಉದುರಿ ಬರಿಯ ಗಾರೆ ಕಾಣುತ್ತಿತ್ತು. ಉಳಿದದ್ದು ನಿನ್ನೆ ತೊಳೆದಿಟ್ಟಂತೆ ಹೊಳೆಯುತ್ತಿತ್ತು.

ಯಂಕಪ್ಪ ದುರ್ಬೀನು ಕಣ್ಣಿಗೆ ಹಿಡಿದ. ಬಹಳ ಹೊತ್ತು ಇಳಿಸಲಿಲ್ಲ. ಟೋಪಿ ಹಿಂದಕ್ಕೆ ಜಾರಿ ಬಿದ್ದದ್ದೂ ಅವನಿಗೆ ಗೊತ್ತಾಗಲಿಲ್ಲ.

"ಗೌತಮಿ, ಇದು ಬಣ್ಣ ಬಳದಿದ್ದಲ್ಲ. ತುಣುಕು. ಒಂದೊಂದೂ ಬ್ಯಾರೆ ಬ್ಯಾರೆ ಕತ್ತರಿಸ್ಯಾರ."

ಅವಳು ಇಸಿದುಕೊಂಡು ನೋಡಿದಳು. ಮಿನಾರಿನ ಪಟ್ಟೆಗಳು ಕಣ್ಣಿನ ಮುಂದೆಯೇ ಬಂದು ನಿಂತವು. ಉಗುರಿನಷ್ಟಗಲದ ನೀಲಿ ತುಂಡು, ಅದರ ಬಳುಕಿಗೆ ತಕ್ಕಂತೆ ಕೊರೆದ ಬಿಳಿ ತುಂಡು, ನಡುವೆ ಕೂದಲೆಳೆಯೂ ಹೋಗದ ಸಂದು. ನೂರು ಅಡಿ ಮೇಲೆ, ಕೆಳಗೆ ನಿಂತವರಿಗೆ ಕಾಣುವುದೇ ಇಲ್ಲವೆಂದು ಗೊತ್ತಿದ್ದೂ ಯಾರೋ ಒಬ್ಬ ಆ ಅಂಚನ್ನು ಅಷ್ಟು ನುಣುಪಾಗಿ ತೀಡಿದ್ದ. ಐನೂರು ವರ್ಷಗಳಿಂದ ಅದು ಹಾಗೆಯೇ ಇತ್ತು. ಉದುರಿದ ಜಾಗದ ಪೊಟರೆಯಿಂದ ಗಿಳಿಯೊಂದು ತಲೆ ಹಾಕಿತು; ಆ ನೀಲಿಯ ಪಕ್ಕದಲ್ಲಿ ಅದರ ಹಸಿರು ಅವಳ ಕಣ್ಣನ್ನು ಚುಚ್ಚಿತು.

ಮಾವ ದುರ್ಬೀನಿಗೆ ಕೈ ಚಾಚಿದ. ಅವಳು ಕೊಡಲಿಲ್ಲ.

"ಇನ್ನೊಂದೀಟು ತಡೀರಿ ಮಾವಾರ."

ಗಂಡ ಹೋದ ಮೇಲೆ ತನಗೆ ಬೇಕೆಂದು ಅವಳು ಕೇಳಿದ್ದು ಅದೇ ಮೊದಲು.

"ನೀ ಪಾಠದಾಗ ನೋಡೀಯಲ್ಲ, ನನಗ ಕೊಡು," ಎಂದ ಯಂಕಪ್ಪ. ಕೊಡದಿದ್ದಾಗ ಅವನು ಕಟ್ಟೆಯ ಮೇಲೆ ಕುಸಿದು ಕೂತ. "ಮೂವತ್ತೊಂದು ವರ್ಷ. ಇದು ಇಲ್ಲೇ ನಿಂತಿತ್ತು. ನಾ ಅಲ್ಲಿ ಕೂತು ಟಿಕೀಟ್ ಎಣಸ್ತಿದ್ದೆ." ಬಿದ್ದಿದ್ದ ಟೋಪಿಯನ್ನು ಎತ್ತಿ ಕೊಡವುತ್ತ, "ಕುನ್ಯಾ ಸಣ್ಣಾವಿದ್ದಾಗ ಒಮ್ಮೆ ಕರಕೊಂಡು ಬಂದಿದ್ದೆ. ಕ್ಯಾಂಟೀನಿನಾಗ ಕುಂದ್ರಿಸಿ ಇಡ್ಲಿ ತಿನಿಸಿ ತಿರುಗಿ ಒಯ್ದೆ."

ಮಗನ ಹೆಸರು ಬಾಯಿಗೆ ಬಂದದ್ದೇ ತಡ, ಅವನು ಅಳತೊಡಗಿದ. ಗೌತಮಿ ಪಕ್ಕದಲ್ಲಿ ಕೂತಳು. ದುರ್ಬೀನನ್ನು ಅವನ ತೊಡೆಯ ಮೇಲಿಟ್ಟಳು. ಅವನು ಅತ್ತು ಮುಗಿಸಿ, ಧೋತರದ ತುದಿಯಿಂದ ಮೂಗು ಒರೆಸಿಕೊಂಡು, ಮತ್ತೆ ಮೇಲೆ ನೋಡಿದ. ಅಂದು ಮಧ್ಯಾಹ್ನ ಕೋಟೆಯನ್ನೂ ನೋಡಿದರು. ಅದರೊಳಗಿನ ರಂಗೀನ್ ಮಹಲಿನ ಕರಿಗಲ್ಲಿನಲ್ಲಿ ಹುದುಗಿದ ಮುತ್ತಿನ ಚಿಪ್ಪು ತಲೆ ಅಲುಗಿದರೆ ಬಣ್ಣ ಬದಲಿಸುವುದನ್ನು ಕಂಡು ಅವನು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತ ನಿಂತ. ಇಡೀ ದಿನ ಬಾಯಿ ಮುಚ್ಚಲಿಲ್ಲ.

ಸಂಜೆಯ ಬಸ್ಸು ಅವರನ್ನು ಕಮಲಾಪುರದಲ್ಲಿ ಇಳಿಸಿತು. ರಸ್ತೆಗೆ ಹತ್ತಿದ ತೋಟದಲ್ಲಿ ಅಕ್ರಮ್ ಮರದ ಮಂಚಿಕೆಯ ಮೇಲೆ ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದ. ಇವರನ್ನು ಕಂಡು ಇಳಿದು ಬಂದ. ಯಂಕಪ್ಪನನ್ನು ಮಾತಾಡಿಸುವುದು ಹೇಗೆಂದು ತಿಳಿಯದೆ ಬರೀ ಕೈ ಹಿಡಿದುಕೊಂಡ.

"ಅಕ್ರಮ್, ನೀ ಮದರಸಾ ನೋಡೀಯೇನು?" ಎಂದು ಯಂಕಪ್ಪನೇ ಶುರು ಮಾಡಿದ. "ನಿಂತು ನೋಡಬೇಕು. ಒಂದೊಂದು ತುಣುಕೂ..."

ಗೌತಮಿ ಚೀಲದಿಂದ ದುರ್ಬೀನು ತೆಗೆದು, ಗಾಜನ್ನು ಸೆರಗಿನಿಂದ ಒರೆಸಿದಳು. "ಅವರು ತಂದಿದ್ದು," ಎಂದಳು. "ನೋಡಿದ್ವಿ."

"ನಾ ಎಲ್ಲಿ ಕೇಳಿದ್ದೆ ಭಾಭಿ," ಎಂದ ಅಕ್ರಮ್. ಆದರೂ ಎರಡೂ ಕೈ ಚಾಚಿದ. ಅವಳು ಅದನ್ನು ಅವನ ಕೈಯಲ್ಲಿಟ್ಟಳು.