ನಳ್ಳಿಯ ಕೆಳಗೆ ಹಿಡಿದ ಕೈ

ಶನಿವಾರ ಮಧ್ಯಾಹ್ನ ಪ್ರೇಮಾವತಿ ಕುಚ್ಚಲಕ್ಕಿ ಅನ್ನ ಬಸಿದು ಏಳುವಾಗ ಮನೆಯ ಎದುರಿನ ಚಾವಡಿಯಲ್ಲಿ ಏನೋ ಗೋಡೆಗೆ ಬಡಿದ ಸದ್ದಾಯಿತು. ಅದು ಸೊಸೆಯ ತಲೆ ಎಂದು ಅವಳಿಗೆ ನೋಡದೆಯೇ ತಿಳಿಯಿತು.

ಮಗ ವಿಜೇತ್ ವರ್ಕಾಡಿಯಲ್ಲಿ ಬಾಡಿಗೆಗೆ ಜನರನ್ನು ಒಯ್ಯುವ ಸರ್ವಿಸ್ ಜೀಪು ಓಡಿಸುತ್ತಿದ್ದ. ಸೊಸೆ ಮೋಕ್ಷಿತಾ ಪೇಟೆಯ ಅಕ್ಷಯ ಕೇಂದ್ರದಲ್ಲಿ ಜನರ ಅರ್ಜಿಗಳನ್ನು ಟೈಪ್ ಮಾಡಿಕೊಡುತ್ತಿದ್ದಳು. ಆ ದಿನ ಗಂಡನ ಜೀಪಿಗೆ ಕಾದು ಕಾದು, ಕೊನೆಗೆ ಜಯಂತ್ ಎಂಬ ಬೇರೆ ಡ್ರೈವರನ ಜೀಪು ಹತ್ತಿ ಮನೆಗೆ ಬಂದಿದ್ದಳು. ಸ್ಟ್ಯಾಂಡಿನಲ್ಲಿ ಯಾರೋ ಅದನ್ನು ವಿಜೇತನ ಕಿವಿಗೆ ಹಾಕಿದ್ದರು.

“ಅವನ ಬದಿಯಲ್ಲೇ ಕೂರಬೇಕಿತ್ತಾ ನಿನಗೆ?”

“ಹಿಂದೆ ಜಾಗ ಇರಲಿಲ್ಲ.”

ಅವನು ಅವಳ ಕೂದಲನ್ನು ಮುಷ್ಟಿಗೆ ಸುತ್ತಿಕೊಂಡು ಇನ್ನೊಮ್ಮೆ ಗೋಡೆಗೆ ಬಡಿದ. ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿಯಿತು. ಅವಳು ಕುಸಿದಾಗ ಹೊಟ್ಟೆಗೆ ಒದ್ದ. ಎರಡನೆಯ ಒದೆತಕ್ಕೆ ಅವಳ ಬಾಯಿಂದ ಸ್ವರವೇ ಹೊರಡಲಿಲ್ಲ.

ಪ್ರೇಮಾವತಿ ಬಸಿದ ಬಿಸಿ ಗಂಜಿಯ ಪಾತ್ರೆಯನ್ನು ಹಿಡಿದುಕೊಂಡೇ ಬಂದಳು. “ಬಿಡು ಅವಳನ್ನು.”

“ನೀನು ಒಳಗೆ ಹೋಗು ಅಮ್ಮ.” ಅವನು ಬಾಗಿಲ ಮೂಲೆಯಲ್ಲಿದ್ದ ಜಾಕಿಯ ರಾಡನ್ನು ಎತ್ತಿಕೊಂಡ.

ರಾಡು ಮೇಲೆ ಹೋಯಿತು. ಪ್ರೇಮಾವತಿ ಆ ಕೈಗೇ ಗಂಜಿ ಎರಚಿದಳು.

ಅವನು ಕಿರುಚಿ ರಾಡು ಬಿಟ್ಟ. ಮರುಕ್ಷಣ ಅವಳು ಅವನ ಇನ್ನೊಂದು ಕೈ ಹಿಡಿದು ಅಂಗಳದ ನಳ್ಳಿಗೆ ಎಳೆದುಕೊಂಡು ಹೋಗಿದ್ದಳು. ಹನ್ನೊಂದು ವರ್ಷದಿಂದ ಅವಳು ಶಾಲೆಯಲ್ಲಿ ಮಕ್ಕಳ ಮಧ್ಯಾಹ್ನದೂಟದ ಅಡುಗೆ ಮಾಡುವವಳು. ಒಮ್ಮೆ ಜೊತೆಯವಳ ಕಾಲಿಗೆ ಸಾಂಬಾರು ಬಿದ್ದಾಗ ನರ್ಸಮ್ಮ ಬಂದು ಏನು ಮಾಡಬೇಕೆಂದು ತೋರಿಸಿಕೊಟ್ಟಿದ್ದರು.

“ಉಂಗುರ ತೆಗಿ, ವಾಚು ತೆಗಿ. ಕೈ ಬಾತರೆ ಮತ್ತೆ ಬರುವುದಿಲ್ಲ.” ಅವಳೇ ಎರಡನ್ನೂ ಕಳಚಿ, ಸುರಿಯುವ ನೀರಿನ ಕೆಳಗೆ ಅವನ ಕೈಯನ್ನು ಒತ್ತಿ ಹಿಡಿದಳು.

ಮೋಕ್ಷಿತಾ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಮುಖದ ಅರ್ಧ ರಕ್ತ, ಕೈಯಲ್ಲಿ ಟೂತ್‌ಪೇಸ್ಟ್. ಒದೆ ತಿಂದವಳು ಒದ್ದವನಿಗೆ ಔಷಧ ಹುಡುಕಿ ತಂದಿದ್ದಳು. ಅದನ್ನು ನೋಡಿ ಪ್ರೇಮಾವತಿಗೆ ಎದೆ ಉರಿಯಿತು.

“ಪೇಸ್ಟು ಬೇಡ, ಎಣ್ಣೆಯೂ ಬೇಡ. ನೀರು ಸಾಕು.”

“ಐಸಾದರೂ ತಾ” ಎಂದ ವಿಜೇತ್.

“ಐಸ್ ಇಟ್ಟರೆ ಚರ್ಮ ಇನ್ನೂ ಹಾಳಾಗ್ತದೆ. ಇಪ್ಪತ್ತು ನಿಮಿಷ ಹೀಗೇ ಹಿಡಿ.” ಮತ್ತೆ ತಿರುಗದೆಯೇ ಸೊಸೆಗೆ ಹೇಳಿದಳು, “ಹಣೆಗೆ ಬಟ್ಟೆ ಒತ್ತಿ ಹಿಡಿ. ಬ್ಯಾಗ್ ತೆಗೊ. ಶಿರಿಯಕ್ಕೆ ಹೋಗು, ಅಪ್ಪನ ಮನೆಗೆ.”

“ನೀವು, ಅತ್ತೆ?”

“ನಾನು ಇವನನ್ನು ಹಿಡಿದುಕೊಂಡಿದ್ದೇನೆ. ಹೋಗು ಮಗಾ.”

“ಗೇಟು ದಾಟಿದರೆ ಕಾಲು ಮುರಿತೇನೆ” ಎಂದು ವಿಜೇತ್ ಕೈ ಕಿತ್ತುಕೊಂಡ. ಗಾಳಿ ತಾಗಿದ್ದೇ ಉರಿ ಏರಿತು; ಹಲ್ಲು ಕಚ್ಚಿ ತಾನಾಗಿಯೇ ನೀರಿನ ಕೆಳಗೆ ಇಟ್ಟ. ಮೊಣಕೈಯಿಂದ ಮಣಿಕಟ್ಟಿನ ತನಕ ಕೆಂಪಾಗಿತ್ತು. ಎರಡು ಸಣ್ಣ ಗುಳ್ಳೆಗಳು ಎದ್ದಿದ್ದವು.

“ಉರಿಯುತ್ತದಾ?”

“ನೀನೇ ಮಾಡಿದ್ದಲ್ವಾ?”

“ಹೌದು, ನಾನೇ. ರಾಡು ಇಳಿಸದಿದ್ದರೆ ಪಾತ್ರೆಯಲ್ಲೇ ಹೊಡೆಯುತ್ತಿದ್ದೆ.”

ಆದರೆ ಆ ಗುಳ್ಳೆಗಳ ಮೇಲೆ ನೀರು ನೇರ ಬೀಳದ ಹಾಗೆ ಅವಳು ತನ್ನ ಅಂಗೈಯನ್ನು ಅಡ್ಡ ಹಿಡಿದಿದ್ದಳು.

ಅಷ್ಟರಲ್ಲಿ ಮೋಕ್ಷಿತಾ ಬ್ಯಾಗ್ ಹಿಡಿದು ಗೇಟು ದಾಟಿ ರಸ್ತೆಗೆ ಹೋಗಿದ್ದಳು. ತಿರುವಿನಲ್ಲಿ ಬಸ್ಸು ಹಾರ್ನ್ ಹಾಕಿತು. ವಿಜೇತ್ ಗೇಟಿನ ಕಡೆಗೆ ಜಿಗಿದ. ಪ್ರೇಮಾವತಿ ಅವನ ಅಂಗಿ ಹಿಡಿದಳು. ಅವನು ಅವಳನ್ನು ಬಲವಾಗಿ ದೂಡಿದ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದವಳಿಗೆ, ಕೆಳಗೆ ಸಿಕ್ಕಿದ ತನ್ನ ಎಡಗೈಯೊಳಗೆ ಎಲುಬು ಲಟಕ್ಕೆಂದದ್ದು ಕೇಳಿಸಿತು.

ಅವನು ರಸ್ತೆಗೆ ಮುಟ್ಟುವಷ್ಟರಲ್ಲಿ ಬಸ್ಸು ಹೋಗಿತ್ತು. ಹಿಂದಿರುಗಿ ಬಂದಾಗ ತಾಯಿ ಕಲ್ಲಿಗೆ ಒರಗಿ ಕೂತು, ಸೊಟ್ಟಗಾದ ಮಣಿಕಟ್ಟನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಅವನಿಗೆ ಆಗ ಹೆದರಿಕೆಯಾಯಿತು. ಜೀಪಿನಲ್ಲಿ ಕೂರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದ.

ಡಾಕ್ಟರು ಮೊದಲು ಅವಳ ಕೈಗೆ ಎಕ್ಸ್‌ರೇ ಬರೆದರು. ಮತ್ತೆ ಅವನ ಕೈ ನೋಡಿದರು. “ಕೂಡಲೇ ನೀರು ಹಾಕಿದ್ದು ಒಳ್ಳೆದಾಯ್ತು. ಗುಳ್ಳೆ ಒಡೆಯಬೇಡಿ, ಸಡಿಲವಾಗಿ ಬಟ್ಟೆ ಸುತ್ತಿದರೆ ಸಾಕು. ಅಮ್ಮನಿಗೆ ಎಂತಾಯ್ತು?”

“ಜಾರಿ ಬಿದ್ದದ್ದು” ಎಂದ ವಿಜೇತ್.

“ಅಲ್ಲ ಡಾಕ್ಟ್ರೆ,” ಪ್ರೇಮಾವತಿ ಹೇಳಿದಳು. “ಇವನು ದೂಡಿದ್ದು. ಇವನ ಕೈಗೆ ಗಂಜಿ ಎರಚಿದ್ದು ನಾನು. ಅದಕ್ಕೆ ಮೊದಲು ಇವನು ಹೆಂಡತಿಯ ತಲೆಯನ್ನು ಗೋಡೆಗೆ ಬಡಿದಿದ್ದಾನೆ. ಎಲ್ಲ ಬರೆಯಿರಿ.”

“ಪೊಲೀಸರಿಗೆ ತಿಳಿಸಬೇಕಾಗ್ತದೆ.”

“ತಿಳಿಸಿ.”

ವಿಜೇತ್ ತಾಯಿಯ ಮುಖ ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ. ಅವನು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಜೀಪು ಹೊರಟ ಶಬ್ದ ಕೇಳಿತು.

ಪ್ಲಾಸ್ಟರ್ ಹಾಕಿಸಿಕೊಂಡ ಮೇಲೆ ಅವಳು ನರ್ಸಿನ ಹತ್ತಿರ ಸೊಸೆಯ ನಂಬರಿಗೆ ಫೋನ್ ಮಾಡಿಸಿದಳು.

“ಮನೆಗೆ ಮುಟ್ಟಿದೆಯಾ ಮಗಾ?”

“ಮುಟ್ಟಿದೆ ಅತ್ತೆ. ಹಣೆಗೆ ಮೂರು ಹೊಲಿಗೆ ಹಾಕಿದ್ದಾರೆ. ನೀವು ಎಲ್ಲಿದ್ದೀರಿ?”

ಪ್ರೇಮಾವತಿ ಆಸ್ಪತ್ರೆಯ ಹೆಸರನ್ನೂ ಕೈ ಮುರಿದದ್ದನ್ನೂ ಹೇಳಿದಳು. ಆ ಕಡೆ ಮೋಕ್ಷಿತಾ ಅಪ್ಪನನ್ನು ಕೂಗಿ ಕರೆದದ್ದು ಕೇಳಿಸಿತು.

“ಅಲ್ಲಿಂದ ಏಳಬೇಡಿ,” ಮೋಕ್ಷಿತಾ ಅಂದಳು. “ಅಪ್ಪನನ್ನು ಕರ್ಕೊಂಡು ಬರ್ತೇನೆ.”